ಎಣ್ಣೆ ರುಕ್ಮಿಣಕ್ಕನ ನ್ಯಾಯ

ಎಣ್ಣೆ ರುಕ್ಮಿಣಕ್ಕ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ತಲೆಯನ್ನು. ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಮೊದಲ ಸಲ ಬಂದವಳು ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, "ನೆತ್ತಿ ಬಯಲಾಗ್ತೈತಲ್ಲೋ ತಮ್ಮಾ," ಎಂದು ಬಾಟಲಿ ತೆಗೆದಳು. ಬೇಡವೆಂದರೂ ಬಿಡದೆ ಮೊದಲು ತನ್ನ ತಲೆಗೆ ಸವರಿಕೊಂಡು, ಆಮೇಲೆ ನನ್ನ ತಲೆ ತಿಕ್ಕಿದಳು. ಅಲೆಮಾರಿ ಬದುಕು ಬಿಟ್ಟು ಊರಾಚೆಯ ಕ್ಯಾಂಪಿನಲ್ಲಿ ನೆಲೆನಿಂತ ಅವಳ ಜನ ವ್ಯಾಪಾರ ಮಾಡುವುದೇ ಹಾಗೆ. ಮಾತು ತಿಳಿಯದ ದೇಶದಲ್ಲೂ ತಲೆ ತಿಕ್ಕಿಯೇ ಗಿರಾಕಿ ಹಿಡಿಯುತ್ತಾರೆ. ಬೇರು, ಸೊಪ್ಪು ಕುದಿಸಿದ ಆ ಎಣ್ಣೆ ಹೊತ್ತು, ಓದುಬರಹ ಬಾರದ ಆಕೆ ಆಫ್ರಿಕಾದ ಆರು ದೇಶ ತಿರುಗಿದ್ದಳು.

ಅವರ ವೀಸಾ ಅರ್ಜಿ ತುಂಬುತ್ತಿದ್ದವನು ನಾನು. ಭೇಟಿಯ ಉದ್ದೇಶ ಎಂಬಲ್ಲಿ 'ಪ್ರವಾಸ' ಎಂದು ಒತ್ತುವಾಗ ನನಗೆ ಅಳುಕು.

"ಎಣ್ಣೆ ಮಾರ್ತಾ ಮಾರ್ತಾ ನಾವು ಊರು ನೋಡಲ್ವೇನು? ಒತ್ತು," ಎನ್ನುತ್ತಿದ್ದಳು.

ಪ್ರವಾಸದ ವೀಸಾದಲ್ಲಿ ಹೋಗಿ ಎಣ್ಣೆ ಮಾರುವಾಗ ಸಿಕ್ಕಿಬಿದ್ದವರನ್ನು ಆಯಾ ದೇಶದವರು ಗಡೀಪಾರು ಮಾಡುವುದು ಅನ್ಯಾಯ ಅಂತ ನನ್ನ ವಾದ. ದುಡಿದು ತಿನ್ನುವವರು ಯಾರ ಗಂಟು ಹೊಡೆದರು? ರುಕ್ಮಿಣಕ್ಕ ಒಪ್ಪುತ್ತಿರಲಿಲ್ಲ. "ಅವ್ರ ಊರು, ಅವ್ರ ಕಾನೂನು. ಹೋಗ್ರಿ ಅಂದ್ರೆ ಬರ್ಬೇಕಪ್ಪ. ಕಳ್ಸೋದು ತಪ್ಪಲ್ಲ. ಕೂಡಿ ಹಾಕೋದು ತಪ್ಪು." ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕೈದು ಜನ ಕಂಬಳಿ ಮಾರುವವನೊಬ್ಬನ ತೋಳು ಹಿಡಿದು, "ಯಾವ ದೇಶದೋನು ನೀನು? ಕಾರ್ಡ್ ತೋರ್ಸು," ಎಂದು ಒಂದು ಕೋಣೆಯೊಳಗೆ ದಬ್ಬುತ್ತಿದ್ದರು. ಈಕೆ ನಡುವೆ ನುಗ್ಗಿದಳು. "ಪೊಲೀಸ್ರು ಕೇಳಿದ್ರೆ ತೋರಿಸ್ತಾನೆ. ನೀವ್ಯಾರ್ರೀ ಕೇಳಾಕೆ?" ಬಾಗಿಲಿಗೆ ಅಡ್ಡ ನಿಂತವಳು ಅವನನ್ನು ಬಿಡುವವರೆಗೂ ಜಗ್ಗಲಿಲ್ಲ.

ಈ ವರ್ಷ ಅವಳ ಮಗಳು ಗೀತಾಳೇ ಆಫ್ರಿಕಾದ ಒಂದು ದೇಶದಲ್ಲಿ ಎಣ್ಣೆ ಮಾರುವಾಗ ಸಿಕ್ಕಿಬಿದ್ದಳು. ಹಿಡಿದರೆಂಬ ಸುದ್ದಿ ಬಂತು, ಎಲ್ಲಿಟ್ಟಿದ್ದಾರೆಂದು ಬರಲಿಲ್ಲ. ರುಕ್ಮಿಣಕ್ಕ ದಿನಾ ಬಂದು ನನ್ನೆದುರು ಕೂರುತ್ತಿದ್ದಳು. ನಾನೋ, ಮತ್ತೆ ಕಾನೂನಿನ ಮಾತು ಎತ್ತಿದೆ.

"ನ್ಯಾಯ ಆಮ್ಯಾಲೆ ಮಾತಾಡಾನ. ಅವ್ಳು ಉಂಡ್ಳೋ ಇಲ್ವೋ, ಯಾರಾರ ಹೇಳ್ತಾರಾ ಕೇಳು."

ನನಗೆ ನಾಚಿಕೆಯಾಯಿತು. ನಮ್ಮ ರಾಯಭಾರ ಕಚೇರಿ, ಅಲ್ಲಿಯ ಪೊಲೀಸರು ಎಂದು ಸಿಕ್ಕ ಸಿಕ್ಕ ವಿಳಾಸಕ್ಕೆಲ್ಲ ಮೇಲ್ ಕಳಿಸಿದೆ. ಹನ್ನೆರಡನೆಯ ದಿನ ಆಕೆ ತನ್ನದೇ ಪಾಸ್‌ಪೋರ್ಟ್ ತಂದಿಟ್ಟಳು. "ನಾನೇ ಹೋಗಿ ಹುಡುಕ್ತೀನಿ." ಬೇಡಕ್ಕಾ ಎಂದರೆ ಕೇಳುವವಳೇ? 'ಪ್ರವಾಸ' ಎಂದು ಒತ್ತಿದವನು ನಾನೇ. ವೀಸಾ ಬಂತು. ಅಲ್ಲಿಯ ಖರ್ಚಿಗಾಗಲಿ ಎಂದು ಎಣ್ಣೆ ಬಾಟಲಿಗಳನ್ನೂ ಕಟ್ಟಿಕೊಂಡು ಹೊರಟಳು.

ಆಕೆ ವಿಮಾನ ಹತ್ತಿದ ನಾಲ್ಕನೆಯ ದಿನಕ್ಕೆ ಅವರು ಗೀತಾಳನ್ನು ವಾಪಸ್ ಕಳಿಸಿದರು. ಹುಡುಗಿ ನೆಟ್ಟಗೆ ನನ್ನ ಅಂಗಡಿಗೇ ಬಂದು, "ಅಣ್ಣಾ, ಅವ್ವ ಎಲ್ಲಿ?" ಎಂದಳು.

ಅವ್ವನ ಫೋನು ಹಿಂದಿನ ದಿನವೇ ಸ್ವಿಚ್ ಆಫ್ ಆಗಿತ್ತು. ಅದು ಇನ್ನೂ ಹತ್ತಿಲ್ಲ. ವೀಸಾ ಮೂವತ್ತು ದಿನದ್ದು, ಆಕೆ ಹೋಗಿ ಇವತ್ತಿಗೆ ಮೂವತ್ತಾರು. ಗಡೀಪಾರು ಅನ್ಯಾಯವೆಂದು ಗಂಟಲು ಹರಿದುಕೊಳ್ಳುತ್ತಿದ್ದ ನಾನು ಈಗ ದಿನಾ ಬೆಳಿಗ್ಗೆ ಬೇಡಿಕೊಳ್ಳುವುದು ಒಂದನ್ನೇ: ಹಿಡಿದಿದ್ದರೆ, ರುಕ್ಮಿಣಕ್ಕನನ್ನು ಬೇಗ ಗಡೀಪಾರು ಮಾಡಲಿ.