ನಿನ್ನೆ ಮುಂಜಾನೆಯ ಮಣಿ

ಒಂದು ಸೇರು ಬಳೆಚೂರಿಗೆ ಒಂದು ರೂಪಾಯಿ. ಚಿಮಣಿ ಎಣ್ಣೆ ರೇಶನ್ ಅಂಗಡಿಯಲ್ಲಿ ಸಿಕ್ಕರೆ ಲೀಟರಿಗೆ ಎರಡು ರೂಪಾಯಿಯ ಆಜುಬಾಜು, ಸಿಗದಿದ್ದರೆ ಹೊರಗೆ ಹೇಳಿದ್ದೇ ದರ. ಹುತ್ತದ ಮಣ್ಣಿಗೆ ದುಡ್ಡಿಲ್ಲ. ಮುರಿದ ಸೈಕಲ್ ಚಕ್ರದ ಕಡ್ಡಿಗೂ ದುಡ್ಡಿಲ್ಲ, ರಿಪೇರಿ ಅಂಗಡಿಯವರು ಹಾಗೇ ಕೊಡುತ್ತಾರೆ. ಇಷ್ಟೂ ಸೇರಿ, ಮೇಲೆ ನಾಲ್ಕು ನಿಮಿಷ ಕಣ್ಣು, ಕೈ, ಕಾಲು ಮೂರೂ ದುಡಿದು ಆಗುವ ಒಂದು ಗಾಜಿನ ಮಣಿಗೆ ಬಾದಾಮಿಯ ಸಂತೆಯಲ್ಲಿ ಹತ್ತು ಪೈಸೆ. ಅದೇ ಮಣಿಯನ್ನು ಇಪ್ಪತ್ತು ದಿನ ತಿಪ್ಪೆಯಲ್ಲಿ ಹೂತಿಟ್ಟು ತೆಗೆದರೆ ಇಪ್ಪತ್ತೈದು ರೂಪಾಯಿ.

ಈ ಕೊನೆಯ ಲೆಕ್ಕವನ್ನು ಮಣಿ ಮಾಡುವ ಮಾಸುಮಬಿ ತಾವಾಗಿಯೇ ಹೇಳುತ್ತಾರೆ, ತಲೆ ತಗ್ಗಿಸಿ. "ನನ್ನ ಬಗ್ಗೆ ಪೇಪರಿನ್ಯಾಗ ಏನ್ ಬರೀತೀರಿ, ಬ್ಯಾಡ್ರಿ. ಬರೀಲಿಕ್ಕೇ ಬೇಕಂದ್ರ ಆ ತಿಪ್ಪಿ ಸುದ್ದೀನೂ ಬರೀರಿ. ಅದನ್ನ ಬಿಟ್ಟು ಬರದ್ರ ನಾ ಇನ್ನೊಂದು ಸುಳ್ಳ ಹೇಳಿದಂಗ."

ಹೊತ್ತು ಮೂಡುವ ಮೊದಲೇ ಅವರು ಹಿತ್ತಲ ಬಾಗಿಲ ಬಳಿ ಕೂಡುತ್ತಾರೆ. ಆ ಹೊತ್ತಿಗೆ ಗಾಳಿ ಇರುವುದಿಲ್ಲ; ನಸುಗತ್ತಲಲ್ಲಿ ಉರಿಯ ಬಣ್ಣವೂ ಸರಿಯಾಗಿ ಕಾಣುತ್ತದೆ. ಕಾಲಿನಿಂದ ತಿದಿ ಒತ್ತಿದರೆ ಚಿಮಣಿಯ ಉರಿ ಸೂಜಿಯಂತೆ ಚೂಪಾಗಿ ಮುಂದೆ ಚಾಚುತ್ತದೆ. ಎಡಗೈಯಲ್ಲಿ ಹುತ್ತದ ಮಣ್ಣು ಬಳಿದ ಸೈಕಲ್ ಕಡ್ಡಿ, ಬಲಗೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ಬಳೆಚೂರು. ಚೂರು ಕೆಂಪಾಗಿ, ಮೆತ್ತಗಾಗಿ, ಬೆಲ್ಲದ ಪಾಕದ ಹಾಗೆ ಇಳಿಯುತ್ತಿದ್ದಂತೆ ಕಡ್ಡಿ ತಿರುಗತೊಡಗುತ್ತದೆ. ಮಣಿ ದುಂಡಗಾದ ಮೇಲೆ ಬಿಸಿ ಬೂದಿಯ ಗಡಿಗೆಗೆ. ಅಲ್ಲಿ ಅದು ಮಧ್ಯಾಹ್ನದವರೆಗೂ ನಿಧಾನಕ್ಕೆ ಆರಬೇಕು. ಅವಸರ ಮಾಡಿದರೆ ಚಟ್ ಎಂದು ಸೀಳುತ್ತದೆ.

ಹಬ್ಬಕ್ಕೊಂದು ಮಣಿ. ಕಾರಹುಣ್ಣಿಮೆಗೆ ಎತ್ತಿನ ಕೊರಳಿಗೆ ಮೂರು ಬಿಳಿ ಕಣ್ಣಿನ ದಪ್ಪ ನೀಲಿ ಮಣಿ. ಪಂಚಮಿಗೆ ಸುರುಳಿ ಸುತ್ತಿದ ಕರಿಯ ನಾಗಪ್ಪ. ಹೆಣ್ಣುಮಕ್ಕಳು ಅದನ್ನು ಜೋಕಾಲಿ ಹಗ್ಗಕ್ಕೆ ಕಟ್ಟುತ್ತಾರೆ. ಮೊಹರಮ್ಮಿಗೆ ಹಸಿರು, ದೀಪಾವಳಿಗೆ ಹಳದಿ ಕುಡಿಯ ಹಣತೆ, ಸಂಕ್ರಾಂತಿಗೆ ಎಳ್ಳಿನಂಥ ಬಿಳಿ ಚುಕ್ಕೆ. ದಿನಕ್ಕೆ ನಲವತ್ತು ಮಣಿ, ಅದರಲ್ಲಿ ನಾಲ್ಕೈದು ಸೀಳುತ್ತವೆ. ಐವತ್ತರ ಹತ್ತಿರದ ಈ ಹೆಂಗಸಿಗೆ ಕೆಲಸ ಕಲಿಸಿದವರು ಅತ್ತೆ ಮಾಬುಬಿ. ಗಂಡ ಚಮನಸಾಬ ಬಳೆ ಹೊತ್ತು ಐಹೊಳೆ, ಅಮೀನಗಡದ ಕಡೆ ತಿರುಗುತ್ತಾರೆ; ಹೊಸ ಬಳೆ ತೊಡಿಸಿ ಒಡೆದವನ್ನು ಕಟ್ಟಿಕೊಂಡು ಬರುತ್ತಾರೆ. ಆ ಚೂರೇ ಇಲ್ಲಿ ಮಣಿ.

ಎಂಬತ್ತೊಂದರ ಬೇಸಿಗೆಯಲ್ಲಿ ಈ ಹಿತ್ತಲಿಗೆ ಅಂದಾನಪ್ಪ ಬಂದ. ಗುಡಿ ನೋಡಲು ಬರುವ ಪರದೇಶದವರಿಗೆ ದಾರಿ ತೋರಿಸುವ ಗೈಡ್ ಅವನು. ಎತ್ತಿನ ಮಣಿಯೊಂದನ್ನು ಬಿಸಿಲಿಗೆ ಹಿಡಿದು ನೋಡಿ, "ಅಕ್ಕ, ಇದನ್ನ ಒಂದೀಟು ಹಳೇದ ಮಾಡಿಕೊಡು," ಎಂದ.

"ಹೊಸಾದ್ದನ್ನ ಹೆಂಗಪ್ಪಾ ಹಳೇದ ಮಾಡೂದು? ನಾನ ಹಳೇದ ಆಗೇನಿ, ನನ್ನ ತಗೊಂಡ ಹೋಗು."

"ನಿನ್ನ ಯಾರ ಕೊಳ್ತಾರ ಬಿಡು! ಮಾರಾಂವ ನಾನು, ಸುಳ್ಳ ಹೇಳೂ ಬಾಯಿ ನಂದು. ನಿಂದೇನ ಹೋಗ್ತೈತಿ?"

ಅವನು ಕೇಳಿದ್ದಷ್ಟೇ. ಇಟ್ಟಂಗಿ ಪುಡಿಯಲ್ಲಿ ತಿಕ್ಕಿ ಹೊಳಪು ತೆಗೆದು, ಸಗಣಿ ನೀರಲ್ಲಿ ನೆನೆಸಿ, ತಿಪ್ಪೆಯಲ್ಲಿ ಹೂಳುವ ಉಪಾಯ ಮಾಸುಮಬಿಯದೇ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ ಅವರು. "ಶಾಣ್ಯಾತನ ಮಾಡಿದಾಕಿ ನಾನು. ಹೊಟ್ಟಿಗೆ ಇರಲಿಲ್ಲ ಅಂದ್ರ ಅದೂ ಸುಳ್ಳರಿ, ಎರಡ ಹೊತ್ತು ಉಣ್ತಿದ್ವಿ. ನಾ ಮಾಡಿದ್ದಕ್ಕ ಇಪ್ಪತ್ತೈದು ರೂಪಾಯಿ ಕೊಡವರು ಅದಾರ ಅಂತ ಕೇಳಿ ಹುರುಪ ಬಂತು." ಅವರ ಕೈಗೆ ಸಿಗುತ್ತಿದ್ದದ್ದು ಮಣಿಗೆ ಮೂರು ರೂಪಾಯಿ. ಕೊಳ್ಳುವವರು ದೂರದವರು, ವಿಮಾನ ಹತ್ತಿ ಹೋಗುವವರು. ಅವರ ಮುಖ ತಾವು ನೋಡಬೇಕಾಗಿಲ್ಲ ಎಂದುಕೊಂಡಿದ್ದರು.

ನೋಡಬೇಕಾಗಿ ಬಂತು. ಮರುವರ್ಷ ಪಂಚಮಿಯ ಮುಂಚೆ, ಎಂದಿನಂತೆ ಬುಟ್ಟಿ ಹೊತ್ತು ಹೆಣ್ಣುಮಕ್ಕಳ ಸಾಲೆಗೆ ಹೋದರು. ಅಲ್ಲಿ ಪಾಠ ಹೇಳುವ ಸುಲಭಾ ಅಕ್ಕೋರು ಪ್ರತಿ ವರ್ಷ ಇನ್ನೂರು ನಾಗಪ್ಪನ ಮಣಿ ಕೊಳ್ಳುವ ಗಿರಾಕಿ. ಆ ದಿನ ಅಕ್ಕೋರು ಕೈ ಹಿಡಿದು ಗಾಜಿನ ಕಪಾಟಿನ ಮುಂದೆ ನಿಲ್ಲಿಸಿದರು. ಒಳಗೆ ಅರಳೆಯ ಮೇಲೆ ಮೂರು ಕಣ್ಣಿನ ನೀಲಿ ಮಣಿ. ಅಕ್ಕೋರು ಚೀಟಿ ಓದಿ ಹೇಳಿದರು: ಚಾಲುಕ್ಯರ ಕಾಲದ್ದು, ಐಹೊಳೆಯ ಹೊಲದಲ್ಲಿ ಸಿಕ್ಕದ್ದು, ರಾಣಿವಾಸದವರು ಧರಿಸುತ್ತಿದ್ದಿರಬೇಕು. ತಮ್ಮ ಪಗಾರದಲ್ಲಿ ಅಂದಾನಪ್ಪನಿಗೆ ಇಪ್ಪತ್ತೈದು ರೂಪಾಯಿ ಕೊಟ್ಟು ತಂದಿದ್ದರು.

"ನೋಡು ಮಾಸುಮಬಿ, ಸಾವಿರದ ಇನ್ನೂರು ವರ್ಷದ ಹಿಂದ ನಿನ್ನಂಥಾಕಿ ಒಬ್ಬಾಕಿ ಕೂತು ಮಾಡ್ಯಾಳ. ಈಗ ಇಂಥಾ ಕೈ ಎಲ್ಲಿ ಅದ, ಹೇಳು?"

ಜೀವಮಾನದಲ್ಲಿ ಅವರ ಕೆಲಸವನ್ನು ಯಾರೂ ಅಷ್ಟು ಹೊಗಳಿರಲಿಲ್ಲ. ಎತ್ತಿನ ಕೊರಳಿಗೆ ಮಾಡಿದ್ದು ರಾಣಿಯ ಕೊರಳಿಗೆ ಏರಿ ಕೂತಿತ್ತು. ನಾಲ್ಕಾರು ಹುಡುಗಿಯರು ಕಪಾಟಿನ ಮುಂದೆ ಕೂತು ಅದರ ಚಿತ್ರವನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು, ಮೂರು ಕಣ್ಣನ್ನೂ ಬಿಡದೆ.

"ಸುಮ್ನ ಇರು, ಸಾಲಿ ಕಪಾಟಿನ್ಯಾಗಿನ ಮಣಿ ಯಾರ ಕೇಳ್ತಾರ," ಎಂದರು ಚಮನಸಾಬ. ಮಾಸುಮಬಿ ಹನ್ನೊಂದು ದಿನ ಸಾಲೆಯ ಕಡೆ ಸುಳಿಯಲಿಲ್ಲ. "ಪರದೇಶದವರ ಚಿಂತಿ ನನಗ ಬಂದಿರಲಿಲ್ಲ, ಖರೆ ಹೇಳ್ತೇನಿ. ಆ ಹುಡುಗ್ಯಾರು ಸುಳ್ಳ ಬರಕೋತ ಕುಂತಿದ್ವಲ್ಲ, ಅದ ಕಣ್ಣಾಗ ಕುಂತ್ಬಿಡ್ತು."

ಹನ್ನೆರಡನೆಯ ದಿನ ಸೆರಗಿನಲ್ಲಿ ಇಪ್ಪತ್ತೈದು ರೂಪಾಯಿ ಗಂಟು ಹಾಕಿ, ಕೈಯಲ್ಲಿ ಒಂದು ಸೈಕಲ್ ಕಡ್ಡಿ ಹಿಡಿದು ಸಾಲೆಗೆ ಹೋದರು. ಕಡ್ಡಿಯ ತುದಿಯಲ್ಲಿ ತಿರುಪಿನ ಗೀರುಗಳಿರುತ್ತವೆ. ಮಣ್ಣು ಜಾರದಿರಲೆಂದು ಅವರು ಮಣಿ ಸುತ್ತುವುದು ಅಲ್ಲೇ. ಆರಿದ ಮೇಲೆ ಬಿಚ್ಚುವುದೂ ತಿರುಪು ತಿರುಗಿಸಿದಂತೆ. ಮಣಿಯ ತೂತಿನೊಳಗೆ ಆ ಗೀರು ಉಳಿಯುತ್ತದೆ.

"ಅಕ್ಕೋರ, ಆ ಮಣಿ ತಗದು ಬೆಳಕಿಗಿ ಹಿಡೀರಿ. ಒಳಗ ಸೈಕಲ್ ಕಡ್ಡಿ ಗುರುತ ಐತಿ. ರಾಣಿ ಸೈಕಲ್ ಹೊಡೀತಿದ್ದಿಲ್ಲರಿ. ಅದು ನಂದು."

ಅಕ್ಕೋರು ನೋಡಿದರು. ಕಡ್ಡಿಯನ್ನು ತೂತಿಗೆ ಹಾಕಿ ತಿರುಗಿಸಿದರು. ಗೀರಿಗೆ ಗೀರು ಕೂಡಿ ಅದು ಒಳಹೋಯಿತು. "ಇದನ್ನ ನಾ ಸಾಲಿ ತಪಾಸಣಿಗೆ ಬಂದ ಸಾಹೇಬರ ಕೈಯಾಗ ಕೊಟ್ಟು ತೋರಿಸೇನಿ, ಮಾಸುಮಬಿ. ಇನ್ನ ಆ ಮಕ್ಕಳಿಗೆ ಏನ್ ಹೇಳ್ಲಿ?" ಎಂದರು.

"ನಾನ ಹೇಳ್ತೇನ್ರಿ."

ಹೇಳಿದರು. ನಲವತ್ತು ಹುಡುಗಿಯರ ಮುಂದೆ ನಿಂತು, ತಿಪ್ಪೆಯವರೆಗೆ ಒಂದನ್ನೂ ಬಿಡದೆ. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ವರ್ಗವೇ ನಕ್ಕಿತು. ದುಡ್ಡನ್ನು ಮೇಜಿನ ಮೇಲೆ ಇಟ್ಟಾಗ ಅಕ್ಕೋರು ಬೇಡ ಎನ್ನಲಿಲ್ಲ, ಎಣಿಸಿ ತೆಗೆದುಕೊಂಡರು. "ಅದೊಂದ ಛಲೋ ಆತ್ರಿ. ಬ್ಯಾಡ ಅಂದಿದ್ರ ನಾ ಅಲ್ಲೇ ಸತ್ತ ಹೋಗ್ತಿದ್ದೆ." ಮಣಿಯನ್ನೂ ಅಕ್ಕೋರು ಹಿಂದಕ್ಕೆ ಕೊಟ್ಟರು. ಚೀಟಿ ಹರಿದರು.

ಹುಡುಗಿಯರು ಮನೆಗೆ ಹೋಗಿ ಹೇಳಿದರು, ಮನೆಯವರು ಓಣಿಗೆ ಹೇಳಿದರು. ಸಂತೆಯಲ್ಲಿ ಹೆಂಗಸರು ಮಣಿ ಎತ್ತಿ ಹಿಡಿದು, "ಇದು ಯಾವ ರಾಜನ ಕಾಲದ್ದು ಬೇ, ಚಾಲುಕ್ಯರ ಮಾಸುಮಬಿ?" ಎಂದು ಚೇಷ್ಟೆ ಮಾಡತೊಡಗಿದರು. ಮೊದಲ ವರ್ಷ ಮಾಸುಮಬಿ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಬೆಲ್ಲದಂಗಡಿಯ ಗುರುಸಿದ್ದವ್ವ ಈಗಲೂ ಬಿಟ್ಟಿಲ್ಲ. ಈ ವಾರವೂ ಕೇಳಿದರು. ಈ ಸಲ ಉತ್ತರ ಬಂತು.

"ನಿನ್ನಿ ಮುಂಜಾನಿ ಕಾಲದ್ದು, ತಾಯಿ. ಬೇಕಾದ್ರ ತಗೋ."

ಗುರುಸಿದ್ದವ್ವ ನಕ್ಕು ಒಂದು ಡಜನ್ ತೆಗೆದುಕೊಂಡರು. ಆದರೆ ಬುಟ್ಟಿ ಎತ್ತಿಕೊಂಡು ಮನೆಗೆ ಹೊರಟಾಗ ಮಾಸುಮಬಿ ಇಂದಿಗೂ ಸಾಲೆಯ ಮುಂದಿನ ಹಾದಿ ಹಿಡಿಯುವುದಿಲ್ಲ. ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಾರೆ. ಮುಂದೊಂದು ಪಂಚಮಿಗೆ ಆ ಹಾದಿಯಲ್ಲಿ ತಲೆ ಎತ್ತಿ ಹೋಗಬೇಕೆಂಬುದು ಅವರ ಆಸೆ. "ಅಕ್ಕೋರು ಕರೀಲಿ ಅಂತಲ್ಲರಿ. ಕರೀದಿದ್ರೂ ಹೋಗೂವಂಗ ಆಗಬೇಕು."

ಆ ನೀಲಿ ಮಣಿ ಮನೆಯಲ್ಲಿಲ್ಲ. ಮರುವರ್ಷದ ಕಾರಹುಣ್ಣಿಮೆಗೆ ಅದನ್ನು ತಿಕ್ಕಿ ತೊಳೆದು ಉಳಿದವುಗಳ ಜೊತೆ ಪೋಣಿಸಿದರು; ಯಾವುದೋ ಎತ್ತಿನ ಕೊರಳಿಗೆ ಹೋಯಿತು. ಬಂದದ್ದು ಹತ್ತು ಪೈಸೆ. ಹೋದದ್ದು ಮಣಿಗೆ ಮೂರು ರೂಪಾಯಿ ಕೊಡುತ್ತಿದ್ದ ಗೈಡನ ವ್ಯಾಪಾರ, ಸಾಲೆಯ ಇನ್ನೂರು ಮಣಿ, ಮತ್ತು ಕೈ ಹಿಡಿದು ಮಾತಾಡುತ್ತಿದ್ದ ಅಕ್ಕೋರು.