ನೆವಕ್ಕೊಂದು ಹೊರೆ ಕಣಿಕಿ

ರಸಮೇವಿನ ಚೀಲದ ಬಾಯಿ ಬಿಚ್ಚಿದರೆ ಹುಳಿ ವಾಸನೆ ಗಪ್ಪನೆ ಮೂಗಿಗೆ ಹೊಡೆಯುತ್ತದೆ. ಹಸಿ ಗೋವಿನಜೋಳವನ್ನು ಕತ್ತರಿಸಿ, ಗಾಳಿಯಾಡದಂತೆ ತುಂಬಿ ಕಳಿತ ಮೇವು. ನನಗೆ ಸೇರದು, ನನ್ನ ಆಕಳಿಗೆ ಅದೇ ಪಂಚಪ್ರಾಣ. ಬೇಸಿಗೆಯಲ್ಲಿ ಬದುವಿನ ಮೇಲೆ ಎಷ್ಟು ಮೇಯ್ದರೂ ಅದರ ಹೊಟ್ಟೆ ತುಂಬದು, ಹಾಲು ಕಡಿಮೆಯಾಗುತ್ತದೆ. ಅದಕ್ಕೇ ಸಂಕೇಶ್ವರದ ಟೆಂಪೋದವನು ಚೀಲ ತಂದು ಹಿತ್ತಲಲ್ಲಿ ಇಳಿಸಿ ಹೋಗುತ್ತಾನೆ. ಮಾತಿಲ್ಲ ಕತೆಯಿಲ್ಲ. ಸುಖವೆಂದರೆ ಸುಖವೇ ಅನ್ನಿ.

ಮೊದಲು ಈ ದಿನಗಳಲ್ಲಿ ನಾವು ವಾಡಿಗೆ ಹೋಗುತ್ತಿದ್ದೆವು. ವಾಡಿ ಎಂದರೆ ಕಬ್ಬಿನ ತುದಿಯ ಹಸಿರು ಗರಿ. ಯಾರ ಹೊಲದ ಕಬ್ಬು ಕಡಿದು ಕೊಡುತ್ತೇವೋ ಅವರ ಹೊಲದ ವಾಡಿ ನಮ್ಮ ದನಕ್ಕೆ. ನನ್ನ ಬಾಜೂ ಸಾಲು ಯಾವಾಗಲೂ ಕಾಶಕ್ಕನದು. ನಾನು ಒಂದು ಕಬ್ಬು ಕಡಿಯುವಷ್ಟರಲ್ಲಿ ಆಕೆ ನಾಲ್ಕಾರು ಕೆಡವಿ, ಊರ ಸುದ್ದಿಯನ್ನೂ ಮುಗಿಸಿರುತ್ತಿದ್ದಳು. ಮನೆಗೆ ಹೊರಟರೆ ನನ್ನ ಹೊರೆ ದಾರಿಯಲ್ಲೇ ಬಿಚ್ಚಿಕೊಳ್ಳುತ್ತಿತ್ತು.

“ಹೊರಿ ಕಟ್ಟಾಕ ಬರೂದಿಲ್ಲ, ಆಕಳ ಕಟ್ಯಾಳಂತ ಈಕಿ!” ಎಂದು ಬೈಯುತ್ತ ಕಾಶಕ್ಕನೇ ಮತ್ತೆ ಬಿಗಿದು ನನ್ನ ತಲೆಗೇರಿಸುವಳು. ಗಂಡ ತೀರಿಕೊಂಡ ವರ್ಷ ನಾನು ಬದುಕಿದ್ದೇ ಆ ಬೈಗುಳದ ಮೇಲೆ.

ಈಗ ಕಬ್ಬು ಕಡಿಯುವ ಯಂತ್ರ ಬಂದಿದೆ. ಅದು ವಾಡಿಯನ್ನೆಲ್ಲ ಚೂರುಚೂರು ಮಾಡಿ ಮಣ್ಣಿಗೆ ಚೆಲ್ಲುತ್ತದೆ. ಆಕಳಿಗೆ ಬೇರೆ ಮೇವು ಸಿಕ್ಕಿತು, ನನಗೆ ಬೇರೆ ಕಾಶಕ್ಕ ಸಿಗಲಿಲ್ಲ. ಆಕೆ ಊರಾಚೆಯ ತೋಟದ ಮನೆಯಲ್ಲೇ ಇದ್ದಾಳೆ. ಆದರೆ ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗಿ ಕೂರುವುದು ನಮ್ಮಂಥವರಿಗೆ ರೂಢಿಯೇ ಇಲ್ಲ ನೋಡಿ.

ಹೋದ ವಾರ ತಡೆಯಲಾರದೆ ಹೋದೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದವಳು ತಲೆಯೆತ್ತಿ, “ಬಾ ತಂಗಿ. ಏನರ ಬೇಕಾಗಿತ್ತೇನ?” ಎಂದಳು.

ನಿನ್ನನ್ನು ನೋಡಬೇಕಿತ್ತು ಎನ್ನಲು ನಾಲಿಗೆ ಏಳಲಿಲ್ಲ. “ಒಂದ ಹೊರಿ ಕಣಿಕಿ ಇದ್ರ ಕೊಡಕ್ಕಾ, ಆಕಳಿಗೆ ಮೇವ ಇಲ್ಲ,” ಅಂದುಬಿಟ್ಟೆ.

ಪಾಪ, ತನ್ನ ಸಣ್ಣ ಬಣವೆಯಿಂದಲೇ ಹಿರಿದು, ಒಣ ಜೋಳದ ದಂಟನ್ನು ಬಿಗಿಯಾಗಿ ಕಟ್ಟಿಕೊಟ್ಟಳು. ಚಹಾ ಕುಡಿಯುವಷ್ಟು ಹೊತ್ತೂ ಇಬ್ಬರೂ ದನದ ಸುದ್ದಿಯನ್ನೇ ಮಾತಾಡಿದೆವು. ಹೊರಡುವಾಗ, “ಮುಗದ್ರ ಮತ್ತ ಬಾ,” ಎಂದಳು.

ರಸಮೇವಿನ ರುಚಿ ಹತ್ತಿದ ಆಕಳು ಕಣಿಕಿಯನ್ನು ಮೂಸಿ ಮುಖ ತಿರುಗಿಸಿತು. ಹೊರೆ ಇನ್ನೂ ಹಾಗೇ ಗೋಡೆಗೊರಗಿದೆ. ಅದು ಮುಗಿಯಲೆಂದು ಕಾದರೆ ನಾನು ಇನ್ನೆಂದೂ ಆ ಕಡೆ ಹೋಗಲಾರೆ. ಅದಕ್ಕೇ ಈಗ ಸೀರೆ ಬದಲಿಸಿ ಹೊರಟಿದ್ದೇನೆ. ಏನು ಬೇಕಾಗಿತ್ತೆಂದು ಕೇಳಿಯೇ ಕೇಳುತ್ತಾಳೆ. ಈ ಸಲ ಹೇಳಿಬಿಡಬೇಕು: “ಏನೂ ಬ್ಯಾಡಕ್ಕಾ. ಒಬ್ಬಾಕಿಗೇ ಮನ್ಯಾಗ ಹೊತ್ತ ಹೋಗವಲ್ದು.”