ಹಿರಿಯಡ್ಕದಲ್ಲಿ ನಿಂತ ಎಂಜಿನ್

ನಾನು ಮಣಿಪಾಲದಲ್ಲಿ ಹಲ್ಲು ಕಟ್ಟುವವಳು. ವೈದ್ಯೆಯಲ್ಲ, ವೈದ್ಯರು ಬಾಯಿಯ ಅಚ್ಚು ತೆಗೆದು ಕಳುಹಿಸಿದರೆ ಲ್ಯಾಬಿನಲ್ಲಿ ಕುಳಿತು ಅದಕ್ಕೆ ಸರಿಹೊಂದುವ ಹಲ್ಲಿನ ಸೆಟ್ಟು ಮಾಡಿಕೊಡುವ ಟೆಕ್ನಿಷಿಯನ್. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೈಗುಳ ತಪ್ಪದ ಕೆಲಸ. ಹಾಗಾಗಿ ಬಿಡುವಿನಲ್ಲಿ ಒಂದು ಗೇಣುದ್ದದ ರೈಲು ಎಂಜಿನ್ ಕಟ್ಟಲು ಹೊರಟಾಗ, ಇದೇನು ಮಹಾ ಎಂದುಕೊಂಡಿದ್ದೆ.

ನನ್ನ ತವರು ಕಾರ್ಕಳ. ಅಲ್ಲಿಗೆ ರೈಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಒಂದು ಗೂಡ್ಸ್ ಗಾಡಿ ಬಂತು. ಅದರ ಮೇಲೆ ಸಾಲಾಗಿ ಲಾರಿಗಳು. ಒಂದು ಲಾರಿಯ ಡ್ರೈವರ್ ತನ್ನ ಸೀಟಿನಲ್ಲೇ ಕಾಲು ಚಾಚಿ ಬಾಳೆಹಣ್ಣು ಸುಲಿಯುತ್ತಿದ್ದ. ಮುಂದೆ ಮಸಿ, ಎಣ್ಣೆ, ತುಕ್ಕು ಮೆತ್ತಿಕೊಂಡ ಡೀಸೆಲ್ ಎಂಜಿನ್. ನನಗೆ ಅದು ಎಷ್ಟು ಹಿಡಿಸಿತೆಂದರೆ, ನಾನು ಹತ್ತಬೇಕಾದ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂಬುದೇ ಮರೆತುಹೋಯಿತು. ಆ ಎಂಜಿನನ್ನು ಕೈಯಾರೆ ಮಾಡಲು ಕುಳಿತದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ಈ ದಾರಿಗೆ ಕರೆಂಟಿನ ತಂತಿ ಬಂದು ಡೀಸೆಲ್ ಎಂಜಿನ್ ಕಾಣುವುದೇ ಅಪರೂಪವಾಗಿತ್ತು.

ಮೋಟಾರು ಮತ್ತು ಚಕ್ರಗಳ ಅಡಿಭಾಗವನ್ನು ಹೊರಗಿನಿಂದ ತರಿಸಿಕೊಂಡೆ. ಮೇಲಿನ ಮೈಯನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೇ ಕಟ್ಟಿದೆ. ಹತ್ತುವಾಗ ಹಿಡಿಯುವ ಕಂಬಿಗಳಿಗೆ ವಕ್ರ ಹಲ್ಲಿಗೆ ಹಾಕುವ ತಂತಿ ಬಳಸಿದೆ. ಆರು ತಿಂಗಳಾಯಿತು. ಬಣ್ಣಕ್ಕೆ ಮಾತ್ರ ನನ್ನ ಕೈ ಸಾಲದು ಎಂದು ಕಾಪುವಿನ ಪೈಂಟರ್ ಒಬ್ಬರ ಬಳಿಗೆ ಹೋದೆ. ಹದಿನೆಂಟು ವರ್ಷ ಗಲ್ಫಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದು ಊರಿಗೆ ಮರಳಿದ ಬ್ಯಾರಿ ಸಾಹೇಬರು. ಹೈವೇ ಪಕ್ಕ ಅವರದ್ದೊಂದು ಶೆಡ್ಡು.

ನಾಲ್ಕೇ ದಿನದಲ್ಲಿ ಎಂಜಿನ್ ತಂದಿಟ್ಟರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಚೆಂದ ಆಗಿದೆ ಸಾಹೇಬ್ರೆ. ಇನ್ನು ಇದನ್ನು ಕೊಳೆ ಮಾಡಬೇಕು" ಎಂದೆ.

"ಎಂತ ಮಾಡಬೇಕು?"

"ಕೊಳೆ. ಮಸಿ, ತುಕ್ಕು, ಮಳೆ ನೀರು ಇಳಿದ ಕಲೆ." ಸ್ಟೇಷನ್ನಿನಲ್ಲಿ ತೆಗೆದ ಫೋಟೋಗಳನ್ನು ತೋರಿಸಿದೆ.

ಅವರು ಎಂಜಿನನ್ನೂ ನನ್ನನ್ನೂ ನೋಡಿದರು. "ಅಕ್ಕ, ನಾನು ಇಷ್ಟು ವರ್ಷ ಇಂಥ ಕಲೆಯನ್ನೇ ತೆಗೆದವ. ಹಾಕ್ಲಿಕ್ಕೆ ಯಾರೂ ಹೇಳಿರಲಿಲ್ಲ."

ಹೊಳಪು ಹೋಗುವಂತೆ ಮೇಲೊಂದು ಪದರ ಹೊಡೆಯಲು ಹತ್ತು ದಿನ ಹಿಂದೆಮುಂದೆ ನೋಡಿದರು. ಆಮೇಲೆ ಮೂರು ಸಲ ಕುಳಿತು, ನೀರಿನಂತೆ ತೆಳುವಾದ ಕಂದು ಬಣ್ಣವನ್ನು ಬಾಗಿಲಂಚಿನಿಂದ ಕೆಳಕ್ಕೆ ಎಳೆಎಳೆಯಾಗಿ ಇಳಿಸಿದರು. ಹೊಗೆ ಹೋಗುವಲ್ಲಿ ಮಸಿ ಹಿಡಿಸಿದರು. ಮುಖ ಗಂಟಿಕ್ಕಿಕೊಂಡೇ ಮಾಡಿದರೂ ಮಾಡಿದ್ದು ಮಾತ್ರ ಅದ್ಭುತವಾಗಿತ್ತು. ಅಂದು ಇಂದ್ರಾಳಿಯಲ್ಲಿ ಕಂಡ ಎಂಜಿನ್ನೇ ಸಣ್ಣದಾಗಿ ನನ್ನ ಅಂಗೈಯಲ್ಲಿ ಕುಳಿತಂತಿತ್ತು.

ಹಳಿ ಹಾಸಿದ ಹಲಗೆಯ ಮೇಲೆ ಜಲ್ಲಿ ತುಂಬುವ ಕೆಲಸ ಉಳಿದಿತ್ತು. ಕಾರ್ಕಳದ ಅಣ್ಣನಿಗೆ ಫೋನು ಮಾಡಿದೆ. ಅವನು ಕಲ್ಲುಕೋರೆಯೊಂದರ ಕ್ರಷರಿನಿಂದ ಒಂದು ಗೋಣಿ ಕಪ್ಪು ಜಲ್ಲಿಪುಡಿ ತಂದುಕೊಟ್ಟ. ಚಹಾ ಸೋಸುವ ಜರಡಿಯಲ್ಲಿ ಸೋಸಿ, ತೊಳೆದು, ಒಣಗಿಸಿ, ಹಳಿಯಡಿಯ ಸ್ಲೀಪರು ಪಟ್ಟಿಗಳ ನಡುವೆ ಚಮಚದಲ್ಲಿ ಉದುರಿಸಿ, ನೀರು ಬೆರೆಸಿದ ಅಂಟನ್ನು ಹನಿಹನಿಯಾಗಿ ಬಿಟ್ಟೆ. ಅದು ಮಳೆಗಾಲ. ಅಂಟು ಎರಡು ವಾರ ಒಣಗಲಿಲ್ಲ. ಒಂದು ಮೂಲೆಯಲ್ಲಿ ಬೂಸ್ಟು ಬಂತು. ಕೆರೆದು ಮತ್ತೆ ಹಾಕಿದೆ. ಕೊನೆಗೆ ಒಣಗಿದಾಗ ಮಾತ್ರ ಹಳಿ ನಿಜಕ್ಕೂ ಹಳಿಯಂತೆ ಕಂಡಿತು.

ಹಿರಿಯಡ್ಕದ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ಟ್ರಾಗಿರುವ ನನ್ನ ಗಂಡ, ನನ್ನನ್ನು ಒಂದು ಮಾತೂ ಕೇಳದೆ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದನ್ನು ಇಡಲು ಒಪ್ಪಿಕೊಂಡುಬಂದರು. ಆಗಲೇ ಎಂಜಿನ್ ಒಮ್ಮೊಮ್ಮೆ ತಡವರಿಸಲು ಶುರುಮಾಡಿತ್ತು. ಅಡಿಯಲ್ಲಿ ಕಪ್ಪು ಪುಡಿ ಕಂಡರೆ, ಬಣ್ಣದ್ದಿರಬೇಕು ಎಂದು ಒರೆಸಿ ಮುಂದುವರಿಯುತ್ತಿದ್ದೆ.

ಪ್ರದರ್ಶನದ ದಿನ ಎರಡು ಸುತ್ತು ಸರಿಯಾಗಿ ಓಡಿತು. ಮೂರನೆಯ ಸುತ್ತಿನಲ್ಲಿ, ಹೆಡ್‌ಮಾಸ್ಟ್ರು ಅತಿಥಿಗಳನ್ನು ಕರೆದುಕೊಂಡು ಬಂದ ಹೊತ್ತಿಗೆ ಸರಿಯಾಗಿ, ಕರಕರ ಎಂದು ನಿಂತಿತು. ಬೆರಳಲ್ಲಿ ನೂಕಿದೆ. ಒಂದು ಮೊಳ ಹೋಗಿ ಮತ್ತೆ ನಿಂತಿತು.

"ಇದು ಕೈಯಲ್ಲಿ ದೂಡುವುದಾ?" ಎಂದು ಅತಿಥಿಗಳಲ್ಲೊಬ್ಬರು ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದು. ಅದರಿಂದ ಇನ್ನಷ್ಟು ಉರಿಯಿತು.

"ಸಂಜೆವರೆಗೆ ಸುಮ್ಮನೆ ನಿಲ್ಲಿಸು ಮಾರಾಯ್ತಿ, ನೋಡ್ಲಿಕ್ಕೆ ಚೆಂದವೇ ಉಂಟಲ್ಲ" ಎಂದರು ಗಂಡ.

ನಾನು ಶಾಲೆಯ ಹಿಂದಿನ ಜಗಲಿಗೆ ಹೋಗಿ ಕಾಪುವಿನ ಪೈಂಟರಿಗೆ ಫೋನು ಮಾಡಿದೆ. "ನಿಮ್ಮ ಪೈಂಟು ಚಕ್ರದ ಒಳಗೆ ಹೋಗಿದೆ. ಅಡಿಯಲ್ಲೆಲ್ಲ ಕಪ್ಪು ಪುಡಿ. ಮನಸ್ಸಿಲ್ಲದೆ ಮಾಡಿದ ಕೆಲಸ ಹೀಗೇ ಆಗುವುದು. ಬೇಡ ಅಂತ ಮೊದಲೇ ಹೇಳಬಹುದಿತ್ತು ನೀವು."

"ನಾಳೆ ಬರ್ತೇನೆ ಅಕ್ಕ" ಎಂದರು ಅವರು.

ಮರುದಿನ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಕೊಟ್ಟ ಚಹಾ ಪಕ್ಕಕ್ಕಿಟ್ಟು, ತಂದಿದ್ದ ಥಿನ್ನರಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಚಕ್ರ ಒರೆಸಿದರು. ನಾನು ಒಳಗೆ ಲ್ಯಾಬಿನವರ ಫೋನಿನಲ್ಲಿದ್ದೆ. ಬಂದು ನೋಡುವಾಗ ಚಕ್ರದ ಜೊತೆಗೆ ಎಂಜಿನಿನ ಮೈಯನ್ನೂ ಒರೆಸಿಬಿಟ್ಟಿದ್ದರು. ಮಸಿ ಇಲ್ಲ, ತುಕ್ಕಿಲ್ಲ, ಅಡಿಯ ಬಣ್ಣ ಮಾತ್ರ ಉಳಿದಿತ್ತು.

"ನಿಮಗೆ ನನ್ನ ಪೈಂಟೇ ತೊಂದರೆ ಅಲ್ವಾ. ಪೂರ್ತಿ ತೆಗೆದೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಹೋದ ಮೇಲೆ ಎಂಜಿನನ್ನು ಹಳಿಯ ಮೇಲಿಟ್ಟೆ. ಮೂರು ಸುತ್ತು ಓಡಿ, ಕರಕರ ಎಂದು ನಿಂತಿತು.

ಅಳು ಬರುವಷ್ಟು ರೇಗಿತು. ಮುಂದಿನ ಭಾನುವಾರದವರೆಗೆ ಅದನ್ನು ಮುಟ್ಟಲಿಲ್ಲ. ಮುಟ್ಟಿದಾಗ ಪೂರ್ತಿ ಬಿಚ್ಚಿಯೇ ಬಿಟ್ಟೆ. ಮೋಟಾರಿನ ಸುತ್ತ ಕಪ್ಪು ಪುಡಿ ಕೂದಲು ನಿಮಿರಿದ ಹಾಗೆ ನಿಂತಿತ್ತು. ಬಣ್ಣದ ಪುಡಿ ಹಾಗೆ ನಿಮಿರಿ ನಿಲ್ಲುವುದಿಲ್ಲ. ಫ್ರಿಜ್ಜಿನ ಬಾಗಿಲಿನಿಂದ ಅಯಸ್ಕಾಂತದ ಬೊಂಬೆಯೊಂದನ್ನು ಕಿತ್ತು ತಂದು ಹಳಿಯ ಜಲ್ಲಿಯ ಮೇಲೆ ಆಡಿಸಿದೆ. ಬೊಂಬೆಗೆ ಕ್ಷಣದಲ್ಲಿ ಗಡ್ಡ ಬಂತು.

ಆ ಕಲ್ಲಿನಲ್ಲೇ ಕಬ್ಬಿಣದ ಅಂಶವಿತ್ತೋ, ಅರೆಯುವ ಯಂತ್ರದ ಕಬ್ಬಿಣ ಸವೆದು ಸೇರಿತ್ತೋ, ನನಗೆ ತಿಳಿಯದು. ಅಂಟು ಹಿಡಿಯದ ಪುಡಿಯನ್ನು ಮೋಟಾರಿನ ಅಯಸ್ಕಾಂತ ಪ್ರತಿ ಸುತ್ತಿನಲ್ಲೂ ಗಿಯರಿನ ಹಲ್ಲುಚಕ್ರಗಳೊಳಕ್ಕೆ ಎಳೆದುಕೊಳ್ಳುತ್ತಿತ್ತು. ನಾನೇ ಸೋಸಿ, ನಾನೇ ತೊಳೆದು, ನಾನೇ ಅಂಟಿಸಿದ ಜಲ್ಲಿ.

ಕಾಪುವಿಗೆ ಹೋದೆ. ಅವರು ಒಂದು ಕಾರಿನ ಬಂಪರು ಉಜ್ಜುತ್ತಿದ್ದರು.

"ತಪ್ಪು ನಿಮ್ಮದಲ್ಲ ಸಾಹೇಬ್ರೆ. ಜಲ್ಲಿಯದ್ದು. ಅಂದರೆ ನನ್ನದು. ಫೋನಿನಲ್ಲಿ ಹಾಗೆ ಹೇಳಬಾರದಿತ್ತು."

ಅವರು ಉಜ್ಜುವುದು ನಿಲ್ಲಿಸಿದರು. "ನನಗೆ ಗೊತ್ತಿತ್ತು ಅಕ್ಕ. ಪೈಂಟಿನದ್ದಾದರೆ ಮೊದಲ ದಿನವೇ ನಿಲ್ಲಬೇಕಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದರೆ ಕೇಳ್ತಿದ್ದಿರಾ ನೀವು ಆವಾಗ?"

ಕೇಳುತ್ತಿರಲಿಲ್ಲ. ಅದನ್ನು ಒಪ್ಪಿಕೊಂಡೆ. ಮತ್ತೊಮ್ಮೆ ಕೊಳೆ ಹಿಡಿಸಿಕೊಡುತ್ತೀರಾ ಎಂದು ಕೇಳಿದೆ. ಅವರು ನಕ್ಕು ತಲೆಯಾಡಿಸಿದರು. "ಒಂದು ಸಲ ಮಾಡಿದ್ದೇ ದೊಡ್ಡದು. ಬಣ್ಣ ಕೊಡ್ತೇನೆ, ಬ್ರಶ್ ಕೊಡ್ತೇನೆ. ಕೊಳೆ ಇನ್ನು ನೀವೇ ಮಾಡಿ."

ಜಲ್ಲಿ ಕೀಳಲು ಒಂದು ತಿಂಗಳು ಹಿಡಿಯಿತು. ಬಿಸಿನೀರು ಸುರಿದು, ಕಾಯ್ದು, ಚಮಚದ ಹಿಡಿಯಿಂದ ಕೆರೆಯಬೇಕು. ಎರಡು ಕಡೆ ಹಳಿಯೇ ಎದ್ದುಬಂತು. ಹೊಸ ಜಲ್ಲಿಗೆ ಲ್ಯಾಬಿನಲ್ಲಿ ಎಸೆಯುವ ಪ್ಲಾಸ್ಟರಿನ ದವಡೆಯಚ್ಚುಗಳನ್ನು ತಂದು ಒರಳಿನಲ್ಲಿ ಕುಟ್ಟಿ ಬೂದು ಬಣ್ಣದಲ್ಲಿ ಕಲಸಿದೆ. ಕುಟ್ಟುವಾಗ ಅಲ್ಲೊಂದು ಇಲ್ಲೊಂದು ಇಡೀ ಹಲ್ಲು ಸಿಡಿದು ಬೀಳುತ್ತಿತ್ತು. "ಯಾರ್ಯಾರ ಹಲ್ಲಿನ ಮೇಲೆ ರೈಲು ಬಿಡ್ತೀಯೋ" ಎಂದು ಗಂಡ ನಕ್ಕರು. ನನಗೆ ನಗು ಬರಲಿಲ್ಲ, ಭುಜ ನೋಯುತ್ತಿತ್ತು.

ಈಗ ಎಂಜಿನ್ ನಿಲ್ಲದೆ ಓಡುತ್ತದೆ. ಕೊಳೆಯನ್ನು ನಾಲ್ಕು ಸಲ ಹಚ್ಚಿ ನಾಲ್ಕು ಸಲ ತೆಗೆದು, ಈಗ ಮತ್ತೆ ಹಚ್ಚಿದ್ದೇನೆ. ನನ್ನ ತುಕ್ಕು ಹುಳಿ ಚೆಲ್ಲಿದ ಹಾಗೆ ಕಾಣುತ್ತದೆ, ಮಸಿ ಒಲೆಗೆ ಬಿದ್ದೆದ್ದ ಹಾಗೆ. ಗಂಡ ಚೆನ್ನಾಗಿದೆ ಎನ್ನುತ್ತಾರೆ, ಅಣ್ಣನೂ ಎನ್ನುತ್ತಾನೆ. ಆದರೆ ಬಾಗಿಲಂಚಿನಿಂದ ಮಳೆ ನೀರು ಇಳಿದ ಆ ಸಣ್ಣ ಗೆರೆ ಮಾತ್ರ ನನ್ನ ಕೈಗೆ ಇನ್ನೂ ಬಂದಿಲ್ಲ. ಈ ಭಾನುವಾರ ಐದನೆಯ ಸಲ ಒರೆಸಬೇಕು.